ದಾಖಲೆಯೊಳಗಿನ ದನಿಗಳು

ಇತಿಹಾಸವನ್ನು ಬರೆದವರು ಕೆಲವರು. ಅದನ್ನು ಬಾಳಿದವರು ಅಸಂಖ್ಯರು. ಬರೆದವರ ಹೆಸರು ಉಳಿಯುತ್ತದೆ. ಅವರು ಯಾರನ್ನು ಕುರಿತು ಬರೆದರೋ ಅವರ ಹೆಸರೂ ಉಳಿಯುತ್ತದೆ. ಮಿಕ್ಕವರ ಮಾತು ಎಲ್ಲಿ ಹೋಯಿತು? ಚರಿತ್ರೆಯ ಯಾವ ಗ್ರಂಥವನ್ನು ಕೈಗೆತ್ತಿಕೊಂಡರೂ ನನ್ನ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ ಇದು. ಇದಕ್ಕೆ ತಕ್ಕಮಟ್ಟಿಗೆ ಸಮಾಧಾನವನ್ನು ನಾನು ಕಂಡುಕೊಂಡದ್ದು ಬಹುದೂರದ ಐರ್ಲೆಂಡ್ ದೇಶದ ಚರಿತ್ರೆಯಲ್ಲಿ.

ಯೂರೋಪಿನ ಪಶ್ಚಿಮದ ಅಂಚಿನಲ್ಲಿರುವ ದ್ವೀಪ ಐರ್ಲೆಂಡ್. 16 ಮತ್ತು 17ನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ಅರಸೊತ್ತಿಗೆ ಆ ದ್ವೀಪವನ್ನು ತನ್ನ ವಶಕ್ಕೆ ತಂದುಕೊಂಡಿತು. ಐರಿಷ್ ನುಡಿಯನ್ನಾಡುತ್ತಿದ್ದ ನಾಡೊಡೆಯರ ಮನೆತನಗಳು ಒಂದೊಂದಾಗಿ ಕುಸಿದವು. ಕಣ್ಣೆದುರಿನಲ್ಲೇ ಅಳಿಯುತ್ತಿದ್ದ ಆ ಲೋಕದ ನೆನಪನ್ನಾದರೂ ಉಳಿಸಬೇಕೆಂದು ಮೀಹಾಲ್ ಓ ಕ್ಲೇರಿ ಎಂಬ ಕ್ರೈಸ್ತ ಸಂನ್ಯಾಸಿಯೂ ಅವನ ಸಂಗಡಿಗರೂ 1632ರಿಂದ 1636ರವರೆಗೆ ಶ್ರಮಿಸಿ ಒಂದು ಬೃಹತ್ ಗ್ರಂಥವನ್ನು ರಚಿಸಿದರು. ‘ನಾಲ್ವರು ಪಂಡಿತರ ವೃತ್ತಾಂತ’ ಎಂದು ಅದು ಪ್ರಸಿದ್ಧವಾಗಿದೆ. 1616ರವರೆಗಿನ ಸಂಗತಿಗಳು ವರ್ಷಾನುಕ್ರಮವಾಗಿ ಅದರಲ್ಲಿವೆ. ಆದರೆ ಆ ಕಾಲದಲ್ಲಿ ಪಶ್ಚಿಮ ಕರಾವಳಿಯಲ್ಲೆಲ್ಲ ಹೆಸರಾಗಿದ್ದ ಒಬ್ಬ ಹೆಂಗಸಿನ ಹೆಸರು ಮಾತ್ರ ಅದರಲ್ಲಿಲ್ಲ.

ಆಕೆ ಗ್ರಾನ್ಯ; ಇಂಗ್ಲಿಷರ ಬಾಯಲ್ಲಿ ಗ್ರೇಸ್ ಓಮ್ಯಾಲಿ. ಮೇಯೋ ಸೀಮೆಯ ಕಡಲತಡಿಯಲ್ಲಿ ಹುಟ್ಟಿ, ಹಡಗುಗಳ ನಾಯಕಿಯಾಗಿ ಬೆಳೆದವಳು. ಕಾನಾಟ್ ಪ್ರಾಂತದ ಆಡಳಿತಾಧಿಕಾರಿ ರಿಚರ್ಡ್ ಬಿಂಗ್‌ಹ್ಯಾಮನು ಆಕೆಯ ಮಗನನ್ನು ಸೆರೆಹಿಡಿದಾಗ, 1593ರಲ್ಲಿ, ಅರವತ್ತು ವರ್ಷಗಳ ಆಸುಪಾಸಿನ ಆ ತಾಯಿ ಕಡಲು ದಾಟಿ ಎಲಿಜಬೆತ್ ರಾಣಿಯ ಬಳಿಗೆ ಹೋದಳು. ರಾಣಿಯ ಮಂತ್ರಿಯು ಆಕೆಯ ಮುಂದೆ 18 ಪ್ರಶ್ನೆಗಳನ್ನಿಟ್ಟನು. ತಂದೆತಾಯಿ ಯಾರು, ಗಂಡಂದಿರು ಯಾರು, ಮಕ್ಕಳೆಷ್ಟು, ಗಂಡ ಸತ್ತ ಮೇಲೆ ಹೆಂಡತಿಗೆ ನಿಮ್ಮ ನಾಡಿನ ರೂಢಿಯಂತೆ ದೊರೆಯುವ ಪಾಲೆಷ್ಟು ಎಂಬಂಥ ಪ್ರಶ್ನೆಗಳವು. ನಾಡೊಡೆಯನ ವಿಧವೆಗೆ ಅವನ ಆಸ್ತಿಯಲ್ಲಿ ಮೂರನೆಯ ಒಂದು ಪಾಲು ಕೊಡುವ ರೂಢಿ ತಮ್ಮಲ್ಲಿಲ್ಲವೆಂದು ಆಕೆ ತಿಳಿಸಿದಳು. ಆಕೆಯ ಉತ್ತರಗಳು ಇಂಗ್ಲೆಂಡಿನ ಸರಕಾರಿ ಕಾಗದಗಳಲ್ಲಿ ಇಂದಿಗೂ ಇವೆ. ತನ್ನವರ ಗ್ರಂಥವು ಬಿಟ್ಟುಬಿಟ್ಟವಳನ್ನು ಎದುರಾಳಿಗಳ ಕಾಗದ ಕಾಪಾಡಿತು! ಆಕೆಯನ್ನು ಉಳಿಸಬೇಕೆಂಬ ಉದ್ದೇಶ ಆ ಮಂತ್ರಿಗಿರಲಿಲ್ಲ; ಅವನಿಗೆ ಬೇಕಾಗಿದ್ದುದು ಮಾಹಿತಿ. ಆದರೂ ಆ ಮಾಹಿತಿಯ ನಡುವೆ ಒಬ್ಬ ಹೆಣ್ಣಿನ ಬಾಳು ಉಳಿದುಬಂದಿತು.

ಗ್ರಾನ್ಯ ನಾಯಕಿಯಾಗಿದ್ದಳು. ಸಾಮಾನ್ಯರ ಗತಿಯೇನು? 1641ರ ಅಕ್ಟೋಬರಿನಲ್ಲಿ ಐರ್ಲೆಂಡಿನ ಉತ್ತರಭಾಗವಾದ ಅಲ್‌ಸ್ಟರಿನಲ್ಲಿ ಕ್ಯಾಥೊಲಿಕರು ದಂಗೆಯೆದ್ದರು. ಇಂಗ್ಲೆಂಡ್ ಸ್ಕಾಟ್ಲೆಂಡ್‌ಗಳಿಂದ ಬಂದು ಆ ನೆಲದಲ್ಲಿ ಬೇರೂರಿದ್ದ ಪ್ರಾಟೆಸ್ಟೆಂಟ್ ಕುಟುಂಬಗಳಲ್ಲಿ ಹಲವು ಮನೆಮಠ ಕಳೆದುಕೊಂಡು ಡಬ್ಲಿನ್ ನಗರಕ್ಕೆ ಓಡಿಬಂದವು. ಅವರ ಹೇಳಿಕೆಗಳನ್ನು ಪ್ರಮಾಣಪೂರ್ವಕವಾಗಿ ಬರೆದುಕೊಳ್ಳಲು ಸರಕಾರವು ಪಾದ್ರಿಗಳ ಒಂದು ಸಮಿತಿಯನ್ನು ನೇಮಿಸಿತು. ಮುಂದಿನ ವರ್ಷಗಳ ವಿಚಾರಣೆಗಳೂ ಸೇರಿ ಸುಮಾರು 8,000 ಹೇಳಿಕೆಗಳು 31 ಸಂಪುಟಗಳಾಗಿ ಉಳಿದಿವೆ. ಕಳೆದುಹೋದ ದನಕರುಗಳು, ಧಾನ್ಯ, ಪಾತ್ರೆಪಡಗ, ಬರಬೇಕಾಗಿದ್ದ ಸಾಲ, ಸತ್ತ ಗಂಡ—ಎಲ್ಲವೂ ಅಲ್ಲಿವೆ. ಹೇಳಿದವರಲ್ಲಿ ವಿಧವೆಯರು ಅನೇಕರು. ಬರಹ ಬಾರದವರು, ನಮ್ಮಲ್ಲಿ ಹೆಬ್ಬೆಟ್ಟು ಒತ್ತುವಂತೆ, ಹೇಳಿಕೆಯ ಕೆಳಗೆ ಒಂದು ಗುರುತು ಹಾಕಿದರು. ಬೇರಾವ ಗ್ರಂಥವೂ ನೆನೆಯದ ರೈತರು, ಕುಶಲಕರ್ಮಿಗಳು, ಗೃಹಿಣಿಯರು ಅಲ್ಲಿ ಮಾತನಾಡುತ್ತಾರೆ.

ಆದರೆ ಲೇಖನಿ ಇದ್ದುದು ಬೇರೆಯವರ ಕೈಯಲ್ಲಿ ಎಂಬುದನ್ನು ಮರೆಯಲಾಗದು. ಸಾಕ್ಷಿಯ ‘ನಾನು’ ಎಂಬ ಮಾತು ಗುಮಾಸ್ತನ ಬರಹದಲ್ಲಿ ‘ಈ ಸಾಕ್ಷಿದಾರಳು’ ಎಂದಾಯಿತು. ಹೇಳಿಕೆ ಕೊಟ್ಟವರಲ್ಲಿ ಬಹುಪಾಲು ಒಂದೇ ಪಕ್ಷದವರು. ದಂಗೆಯಲ್ಲಿ ನೊಂದ ಐರಿಷ್ ಬಡವನನ್ನು ಕರೆದು ಕೇಳಿದವರು ವಿರಳ. ನಿಜವಾದ ದುಃಖದ ಈ ಮಾತುಗಳನ್ನೇ ಆಯ್ದು, ಹಿಗ್ಗಿಸಿ, ಲಂಡನ್ನಿನಲ್ಲಿ ಪುಸ್ತಕಗಳು ಅಚ್ಚಾದವು. 1649ರಲ್ಲಿ ಸೈನ್ಯದೊಡನೆ ಬಂದಿಳಿದ ಕ್ರಾಮ್‌ವೆಲ್ಲನು ತನ್ನ ಕ್ರೌರ್ಯಕ್ಕೆ 1641ನ್ನೇ ಸಮರ್ಥನೆಯಾಗಿ ಹೇಳಿಕೊಂಡನು. 1641ರಲ್ಲಿ ಐರ್ಲೆಂಡಿನ ಭೂಮಿಯ ನೂರಕ್ಕೆ ಸುಮಾರು 59 ಭಾಗ ಕ್ಯಾಥೊಲಿಕರ ಕೈಯಲ್ಲಿದ್ದರೆ, 1688ರ ವೇಳೆಗೆ ಅದು ಸುಮಾರು 22ಕ್ಕೆ ಇಳಿದಿತ್ತು. ವಿಧವೆಯೊಬ್ಬಳ ಕಣ್ಣೀರು ಸುಳ್ಳಲ್ಲ. ಆ ಕಣ್ಣೀರನ್ನು ತೋರಿಸಿ ಬೇರೊಬ್ಬಳ ನೆಲವನ್ನು ಕಿತ್ತುಕೊಂಡದ್ದೂ ಸುಳ್ಳಲ್ಲ. ಒಂದು ದನಿಯನ್ನು ಕೇಳುವಾಗ ಅದರ ಮರೆಯಲ್ಲಿ ಅಡಗಿಹೋದ ಇನ್ನೊಂದು ದನಿಗೂ ಕಿವಿಗೊಡುವುದೇ ಚರಿತ್ರಕಾರನ ಧರ್ಮವೆಂದು ನಾನು ನಂಬಿದ್ದೇನೆ.

ಇಂಥ ಕಾಗದಗಳ ಆಯುಸ್ಸು ಅನಿಶ್ಚಿತ. 1922ರ ಜೂನ್ 30ರಂದು, ಅಂತರ್ಯುದ್ಧದ ಕಾಲದಲ್ಲಿ, ಡಬ್ಲಿನ್ನಿನ ಸರಕಾರಿ ದಾಖಲೆಗಳ ಭಂಡಾರವು ಬೆಂಕಿಗೆ ಆಹುತಿಯಾಯಿತು. ಶತಮಾನಗಳ ಬರಹ ಕೆಲವೇ ಗಂಟೆಗಳಲ್ಲಿ ಬೂದಿಯಾಯಿತು. 1641ರ ಹೇಳಿಕೆಗಳು 1741ರಿಂದಲೂ ಅದೇ ನಗರದ ಟ್ರಿನಿಟಿ ಕಾಲೇಜಿನಲ್ಲಿದ್ದುದರಿಂದ ಉಳಿದವು. 2010ರಲ್ಲಿ ಅವೆಲ್ಲವೂ ಅಂತರಜಾಲದಲ್ಲಿ ಎಲ್ಲರ ಓದಿಗೆ ದೊರೆತವು. ಸುಟ್ಟುಹೋದ ದಾಖಲೆಗಳ ಪ್ರತಿಗಳನ್ನು ಬೇರೆ ಬೇರೆ ಗ್ರಂಥಾಲಯಗಳಿಂದ ಹುಡುಕಿ ತಂದು ಕಟ್ಟಿದ ಅಂತರಜಾಲದ ಭಂಡಾರವೊಂದು 2022ರಲ್ಲಿ ತೆರೆಯಿತು.

ಮರೆತುಹೋದವರನ್ನು ಮರಳಿ ಕರೆತರುವುದೆಂದರೆ ಅವರ ಬಾಯಿಗೆ ನಮ್ಮ ಮಾತನ್ನು ತುರುಕುವುದಲ್ಲ. ಬರೆದವನು ಯಾರು, ಏಕೆ ಬರೆದ, ಯಾರನ್ನು ಕೇಳದೆ ಬಿಟ್ಟ ಎಂದು ತಾಳ್ಮೆಯಿಂದ ವಿಚಾರಿಸುವುದು. ಹಾಗೆ ವಿಚಾರಿಸುತ್ತ ಓದಿದಾಗ, ಹಳೆಯ ಹಾಳೆಯ ತುದಿಯಲ್ಲಿ ನಡುಗುವ ಕೈಯೊಂದು ಎಳೆದ ಎರಡು ಗೆರೆಗಳೂ ಒಬ್ಬ ಮನುಷ್ಯನ ಸಹಿಯಾಗಿ ನಮಗೆ ಕಾಣಿಸುತ್ತವೆ.