ದೋಹಾದ ಫೈನಲ್ಲಿಗೆ ಕಣಕಟ್ಟೆಯಲ್ಲಿ ಕಾದದ್ದು

ಬೆಂಗಳೂರು ಎಫ್‌ಸಿ ಏಷ್ಯಾದ ಕಪ್ಪೊಂದರ ಫೈನಲ್‌ಗೆ ಹೋದ ವರ್ಷ ನಮ್ಮ ಕಡೆ ಮಳೆ ಕೈಕೊಟ್ಟಿತ್ತು. 2016 ಅದು. ರಾಗಿ ಮೊಣಕಾಲುದ್ದ ಬೆಳೆಯೋದರೊಳಗೇ ತೆನೆ ಬಿಟ್ಟು ನಿಂತಿತ್ತು. ಬೋರು ಬತ್ತಿದ ತೋಟಗಳಲ್ಲಿ ತೆಂಗಿನ ಗರಿ ಜೋತುಬಿದ್ದಿದ್ದವು. ಅರಸೀಕೆರೆ ಸೀಮೆಯವರಿಗೆ ತೆಂಗು ಒಣಗೋದು ಅಂದ್ರೆ ಏನು ಅಂತ ಬೇರೆಯವರಿಗೆ ಹೇಳಿ ತಿಳಿಸೋದು ಕಷ್ಟ. ಕಣಕಟ್ಟೆಯ ಜಗಲಿಗಳ ಮೇಲೆ ಎಲ್ಲಿ ಕೂತರೂ ಬೋರು, ಕೊಬ್ಬರಿ ರೇಟು, ಟ್ಯಾಂಕರ್ ನೀರು, ಇಷ್ಟೇ ಮಾತು. ಅಂಥದರ ನಡುವೆ ದೀಪಾವಳಿಗೆ ಊರಿಗೆ ಬಂದ ನನಗೆ ತಲೆತುಂಬ ಫುಟ್‌ಬಾಲು.

ಕಾರಣ ಕಂಠೀರವ ಸ್ಟೇಡಿಯಂನಲ್ಲಿ ಕಂಡ ಸೆಮಿಫೈನಲ್ಲು. ಎದುರಾಳಿ ಮಲೇಷ್ಯಾದ ಜೊಹೋರ್, ಹಿಂದಿನ ವರ್ಷ ಎಎಫ್‌ಸಿ ಕಪ್ ಗೆದ್ದವರು. ಅವರೂರಲ್ಲಿ ನಮ್ಮವರು 1-1 ಮಾಡಿಕೊಂಡು ಬಂದಿದ್ದರು. ಇಲ್ಲಿ ಮೊದಲ ಗೋಲು ಅವರದೇ ಆಯ್ತು. ಅರ್ಧ ಆಟಕ್ಕೆ ಇನ್ನೇನು ಸೀಟಿ ಬೀಳಬೇಕು ಅನ್ನುವಾಗ ಸುನಿಲ್ ಚೆಟ್ರಿ ಸಮ ಮಾಡಿದರು. ಆಮೇಲೆ ದೂರದಿಂದ ಅವರೇ ಹೊಡೆದ ಇನ್ನೊಂದು, ಹುವಾನನ್ ಹೊಡೆದದ್ದೊಂದು. 3-1! ಭಾರತದ ಕ್ಲಬ್ಬೊಂದು ಆ ಕಪ್ಪಿನ ಫೈನಲ್ ಮುಟ್ಟಿದ್ದು ಅದೇ ಮೊದಲು. ಪಕ್ಕದಲ್ಲಿ ಕೂತಿದ್ದ ಯಾರನ್ನೋ ತಬ್ಬಿಕೊಂಡೆ, ಮುಖ ಈಗ ನೆನಪಿಲ್ಲ. ಮನೆಗೆ ಬಸ್ಸಲ್ಲಿ ಹೋದೆನೋ ನಡೆದೇ ಹೋದೆನೋ, ಅದೂ ಮಸುಕು. ಗಂಟಲು ಮಾತ್ರ ಹಬ್ಬದ ತನಕ ಸರಿಹೋಗಲಿಲ್ಲ.

ಹಬ್ಬ ಮುಗಿದರೂ ನಾನು ಬೆಂಗಳೂರಿಗೆ ಹೊರಡಲಿಲ್ಲ. ಫೈನಲ್ಲನ್ನ ದೊಡ್ಡಪ್ಪನ ಜೊತೆ ಕೂತೇ ನೋಡಬೇಕು ಅನ್ನೋ ಆಸೆ. ದೊಡ್ಡಪ್ಪ ಬೆಂಗಳೂರಿನ ಕಾರ್ಖಾನೆಯಲ್ಲಿ ದುಡಿದು ಊರಿಗೆ ವಾಪಸಾದವರು. ಅಲ್ಲಿ ಇರುವಷ್ಟು ಕಾಲ ಫುಟ್‌ಬಾಲ್ ಮೈದಾನ ಬಿಟ್ಟವರಲ್ಲ. ಅವರದೊಂದು ಅಭ್ಯಾಸ: ಯಾವ ಆಟ ಬಂದರೂ ಟಿವಿ ಸದ್ದು ಪೂರ್ತಿ ಇಳಿಸಿಬಿಡೋರು. "ಕಣ್ಣಿಗೆ ಕಾಣೋದನ್ನ ಅವರ್ಯಾಕಪ್ಪ ಹೇಳ್ಬೇಕು" ಅನ್ನೋರು. ಅವರ ಬಾಯಲ್ಲಿ ಈಗಲೂ ರಾಜ್ಯದ ತಂಡ ಅಂದ್ರೆ 'ಮೈಸೂರು'. ಬರಿಗಾಲಲ್ಲಿ ಆಡಿ 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋಗಿಬಂದ ಬೆಂಗಳೂರಿನ ಅಹ್ಮದ್ ಖಾನ್ ಕತೆಯನ್ನ ಕಣ್ಣಾರೆ ಕಂಡವರ ಹಾಗೆ ಹೇಳೋರು. 1967-68ರಲ್ಲೂ ಮರುವರ್ಷವೂ ಮೈಸೂರು ಸಂತೋಷ್ ಟ್ರೋಫಿ ಗೆದ್ದ ಮೇಲೆ ಆ ಕಪ್ಪು ನಮ್ಮ ಕಡೆ ತಿರುಗಿ ನೋಡಿಲ್ಲ ಅನ್ನೋದು ಅವರ ಕೊರಗು.

ಚಿಕ್ಕಪ್ಪನ ಮಗನದು ಇನ್ನೊಂದು ಥರ. ಅರಸೀಕೆರೆ ಸಂತೆಯಲ್ಲಿ ಕೊಂಡ ಬಾರ್ಸಿಲೋನಾ ಅಂಗಿ ಹಾಕ್ಕೊಂಡೇ ಹೊಲಕ್ಕೂ ಹೋಗೋನು. ಯುರೋಪಿನ ಫೈನಲ್ಲುಗಳೆಲ್ಲ ಅವನಿಗೆ ಬಾಯಿಪಾಠ, ಬೆಂಗಳೂರು ಅಂದ್ರೆ ಅಸಡ್ಡೆ. ನಮ್ಮ ಕೋಚ್ ಆಲ್ಬರ್ಟ್ ರೋಕಾ ಯಾರು ಗೊತ್ತೇನ್ಲಾ, ಬಾರ್ಸಿಲೋನಾದಲ್ಲಿ ರೈಕಾರ್ಡ್ ಕೈಕೆಳಗೆ ಸಹಾಯಕ ಕೋಚ್ ಆಗಿದ್ದೋರು, 2006ರಲ್ಲಿ ಪ್ಯಾರಿಸ್ಸಿನಲ್ಲಿ ಆರ್ಸೆನಲ್‌ನ 2-1ರಲ್ಲಿ ಸೋಲಿಸಿ ಚಾಂಪಿಯನ್ಸ್ ಲೀಗ್ ಗೆದ್ದಾಗ ಅದೇ ಬಳಗದಲ್ಲಿದ್ದೋರು ಅಂತ ಹೇಳಿದೆ. ಹುಡುಗ ಒಂದು ಗಳಿಗೆ ಸುಮ್ಮನಿದ್ದ. ಸಂಜೆಯಷ್ಟರಲ್ಲಿ ಊರ ಹುಡುಗರಿಗೆಲ್ಲ ರೋಕಾ ಕತೆ ಅವನೇ ಹೇಳ್ತಾ ಇದ್ದ.

ಆಮೇಲಿನ ದಿನಗಳೇ ನನಗೆ ಇಷ್ಟವಾದವು. ಹಾಲು ಹಾಕೋಕೆ ಬಂದವರೂ "ಯಾವತ್ತಪ್ಪ ನಿಮ್ಮ ಆಟ?" ಅಂತ ಕೇಳೋರು. ಚಿಂತೆಯೂ ಇತ್ತು. ನಮ್ಮ ಗೋಲಿ ಅಮರಿಂದರ್ ಸಿಂಗ್‌ಗೆ ಹಳದಿ ಕಾರ್ಡುಗಳಿಂದಾಗಿ ಫೈನಲ್ ತಪ್ಪಿತ್ತು, ರಾಲ್ಟೆ ನಿಲ್ಲಬೇಕಿತ್ತು. ಎದುರಿಗಿದ್ದದ್ದು ಇರಾಕಿನ ವಾಯುಪಡೆಯ ಕ್ಲಬ್ಬು. ಅವರ ಹಮ್ಮಾದಿ ಅಹ್ಮದ್ ಆ ಟೂರ್ನಿಯಲ್ಲಿ ಅಷ್ಟರಲ್ಲೇ 15 ಗೋಲು ಹೊಡೆದಿದ್ದರು. ಇರಾಕಿನ ಪರಿಸ್ಥಿತಿಯಿಂದಾಗಿ ಸ್ವಂತ ನೆಲದಲ್ಲಿ ಆಡೋಕಾಗದೆ ಆ ತಂಡ ದೋಹಾವನ್ನೇ ತವರು ಮಾಡಿಕೊಂಡಿತ್ತು. ಅದನ್ನ ಕೇಳಿ ದೊಡ್ಡಪ್ಪ ಎಲೆಗೆ ಸುಣ್ಣ ಸವರುತ್ತಾ, "ಅವರಿಗೂ ಒಂದು ಸಂತೋಷ ಬೇಕಲ್ಲಪ್ಪ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೂ ನಾವೇ ಗೆಲ್ಬೇಕು ಕಣೋ" ಅಂತಲೂ ಸೇರಿಸಿದರು.

ನವೆಂಬರ್ 5, ಶನಿವಾರ. ಬೇಗನೆ ಮುದ್ದೆ, ಹುರುಳಿ ಬಸ್ಸಾರು ಉಂಡು ಕೂತೆವು. ಹಬ್ಬದಲ್ಲಿ ಉಳಿದ ಕಜ್ಜಾಯದ ಡಬ್ಬಿಯನ್ನ ಚಿಕ್ಕವ್ವ ನಡುಮನೆಯಲ್ಲಿ ತಂದಿಟ್ಟಿತು. ಚಿಕ್ಕವ್ವನ ಕಜ್ಜಾಯದ ಅಂಚು ಗರಿಗರಿ, ನಡು ಮೆತ್ತಗೆ, ಮೇಲೆ ಗಸಗಸೆ. ಎರಡು ಹಲಗೆ ನಡುವೆ ಒತ್ತಿ ಎಣ್ಣೆ ತೆಗೆಯೋದರಲ್ಲಿ ಅದರ ಕೈ ಯಾರಿಗೂ ಬರಲ್ಲ. ಹೊರಗೆ ಚಳಿ ಶುರುವಾಗಿತ್ತು. ಕರೆಂಟು ಇರುತ್ತೋ ಹೋಗುತ್ತೋ ಅನ್ನೋದೊಂದೇ ಎಲ್ಲರ ಭಯ. ನನಗೆ ನೆನಪಿದ್ದಂತೆ ಆ ರಾತ್ರಿ ಹೋಗಲಿಲ್ಲ. ಒಂದು ಸಲ ಹೋಗಿ ಬಂತು ಅಂತ ಚಿಕ್ಕಪ್ಪನ ಮಗ ಹೇಳ್ತಾನೆ.

ಆಟದ ಬಗ್ಗೆ ಹೇಳೋದು ಕಮ್ಮಿ. ಮೊದಲ ಅರ್ಧ ಗೋಲಿಲ್ಲ. 70ನೇ ನಿಮಿಷಕ್ಕೆ ಅದೇ ಹಮ್ಮಾದಿ ಹೊಡೆದರು. 1-0. ದೊಡ್ಡಪ್ಪ ಕೊನೆಯ ಸೀಟಿಯವರೆಗೂ ಅಲ್ಲಾಡಲಿಲ್ಲ. ಎದ್ದು ನಿಂತಾಗ, "ಚೆನ್ನಾಗೇ ಆಡಿದ್ರು" ಅಂದರು. ಅವರ ಬಾಯಿಂದ ಅಷ್ಟು ಬರೋದೇ ಅಪರೂಪ.

ಮೂರು ದಿನಕ್ಕೆ 500, 1000ದ ನೋಟು ರದ್ದಾಯ್ತು. ಆ ವಾರ ಅಂದ್ರೆ ಊರಿಗೆಲ್ಲ ಬ್ಯಾಂಕಿನ ಸಾಲೇ ನೆನಪಿಗೆ ಬರೋದು. ನನಗೆ ಮಾತ್ರ ಅದಕ್ಕೆ ಹಿಂದಿನ ವಾರ ದೊಡ್ಡದು. ಬರಗಾಲದ ಊರಲ್ಲಿ, ತೆಂಗು ಒಣಗ್ತಾ ಇದ್ದ ಕಾಲದಲ್ಲಿ, ಎಲ್ಲೋ ಮರಳುಗಾಡಲ್ಲಿ ಆಡೋ ಹುಡುಗರು ಗೆಲ್ಲಲಿ ಅಂತ ನಾವೆಲ್ಲ ಒಟ್ಟಿಗೆ ಆಸೆಪಟ್ಟಿದ್ದೆವು. ಅಂಥ ಆಸೆ ಸೋಲಿನಿಂದ ಸಣ್ಣದಾಗಲ್ಲ ಅಂತಲೇ ನಾನು ಇವತ್ತಿಗೂ ನಂಬಿರೋದು.

ದೊಡ್ಡಪ್ಪ ಕೊರಗುತ್ತಿದ್ದ ಸಂತೋಷ್ ಟ್ರೋಫಿ 2023ರ ಮಾರ್ಚಲ್ಲಿ ಬಂತು, 54 ವರ್ಷದ ಮೇಲೆ. ಕರ್ನಾಟಕ ಮೇಘಾಲಯವನ್ನ 3-2ರಲ್ಲಿ ಸೋಲಿಸಿದ್ದು ಸೌದಿಯ ರಿಯಾದ್‌ನಲ್ಲಿ. ಎಎಫ್‌ಸಿ ಕಪ್ ಅನ್ನೋ ಟೂರ್ನಿ 2024ಕ್ಕೆ ನಿಂತುಹೋಯ್ತು. ಅದರ ಫೈನಲ್ ಆಡಿದ ಭಾರತದ ಕ್ಲಬ್ಬು ಬೆಂಗಳೂರು ಒಂದೇ.