ಗಾಳದ ಡೈರಿ – 7: ಮೊದಲ ಫಿಶ್ ಫೈಂಡರ್

ದೋಸ್ತ್, ಕೂಡಿಟ್ಟ ರೊಕ್ಕ ಹಾಕಿ ಫಿಶ್ ಫೈಂಡರ್ ಆರ್ಡರ್ ಮಾಡೋ ಮುಂಚೆ ಈ ಲೆಕ್ಕ ನೋಡು. ಅದು ನೀರೊಳಗ ಶಬ್ದ ಬಿಟ್ಟು, ತಿರುಗಿ ಬರೋ ಪ್ರತಿಧ್ವನಿ ಹಿಡಿತದ. ಶಬ್ದ ಬೋರಲು ಇಟ್ಟ ಲಾಳಿಕೆಯಂಗ ಹರಡ್ತದ. 10 ಅಡಿ ಆಳದಾಗ 20 ಡಿಗ್ರಿ ಮಷೀನಿಗೆ ಕಾಣೋದು ಬರೀ 3.5 ಅಡಿ ಅಗಲ. 60 ಡಿಗ್ರಿಯದಕ್ಕ 11.5 ಅಡಿ.

ಹತ್ತಿಕುಣಿ ದಂಡಿ ಮ್ಯಾಲ ಕೂಡೋ ನಮಗ ಬೋಟಿಗೆ ಹಚ್ಚೋದು ಬ್ಯಾಡ. ಗಾಳದ ದಾರಕ್ಕ ಕಟ್ಟಿ ಎಸೆಯೋ ವೈರ್‌ಲೆಸ್, ಅಗಲ ಕೋನದ್ದು ಸಾಕು.

ಸ್ಕ್ರೀನಿನ ಮೀನಿನ ಚಿತ್ರ ಪೂರ್ತಿ ನಂಬಬೇಡ. ನಾನು ನಂಬಿ, ಮುಳುಗಿದ ಜಾಲಿ ಟೊಂಗಿಗೆ ಎರಡು ತಾಸು ಗಾಳ ಹಾಕೀನಿ! ಆಳ ಎಲ್ಲಿ ತಟ್ಟನೆ ಇಳಿತದ ಅನ್ನೋದನ್ನ ನೋಡು, ಅಲ್ಲಿ ಗಾಳ ಬಿಡು.

ಆಳ ಗೊತ್ತಾತಂತ ನೀರಿಗೆ ಮಾತ್ರ ಇಳೀಬ್ಯಾಡ. ನಮ್ಮ ಕೃಷ್ಣಾದಾಗ ಮೊಸಳಿ ಅವ. ದಂಡ್ಯಾಗ ಮಲಗಿದ್ದನ್ನ ಯಾವ ಮಷೀನೂ ತೋರ್ಸಂಗಿಲ್ಲ.

#ಗಾಳದಡೈರಿ #ಯಾದಗಿರಿ #ಸುರಪುರ