ವಿಮಾನ ಹತ್ತಿದ ತೊಗಲು

ನಾವು ಎಂಟು ಜನ, ಎಂಟು ತಮಟೆ. ಹಿಂದೆ ದೆಹಲಿಗೆ ಹೋಗೋದು ಅಂದ್ರೆ ರೈಲು. ಎರಡು ರಾತ್ರಿ ಕೂತು ಹೋಗುತ್ತಿದ್ದೆವು, ತಮಟೆ ತಲೆಯ ಹತ್ತಿರವೇ ಇರುತ್ತಿತ್ತು. ಈ ಸಲ ಕರೆದವರು ವಿಮಾನದ ಟಿಕೀಟು ಕಳಿಸಿದ್ದರು.

ಕೈಯಲ್ಲಿ ಒಯ್ಯುವ ಸಾಮಾನು 7 ಕೆ.ಜಿ. ಮೀರಬಾರದು, ಅಗಲ 35 ಸೆಂಟಿಮೀಟರ್ ದಾಟಬಾರದು ಅಂತ ಹಲಗೆ ಮೇಲೆ ಬರೆದಿತ್ತು. (ನಮ್ಮ ಹಲಗೆ ಅಲ್ಲ, ಬರೆಯೋ ಹಲಗೆ.) ನಮ್ಮ ತಮಟೆ ತೂಕದಲ್ಲಿ ಪಾಸು, ಅಗಲದಲ್ಲಿ ಫೇಲು. ದೊಡ್ಡ ವಾದ್ಯದವರು ಅದಕ್ಕೊಂದು ಸೀಟನ್ನೇ ಕೊಳ್ಳುತ್ತಾರೆ. ಅಮೆರಿಕದಲ್ಲಿ ಜಾಗವಿದ್ದರೆ ಪಿಟೀಲು, ಗಿಟಾರುಗಳನ್ನು ಒಳಗೆ ಬಿಡಬೇಕೆಂದು 2012ರಲ್ಲಿ ಕಾನೂನೇ ಆಗಿದೆ. ಎಂಟು ತಮಟೆಗೆ ಎಂಟು ಸೀಟು ಕೊಂಡರೆ ನಮ್ಮ ಸಂಭಾವನೆ ಟಿಕೀಟಿಗೇ ಸಾಲದು.

ಕೌಂಟರಿನ ಹುಡುಗಿ ತಮಟೆ ಮುಟ್ಟಿದವಳು ಕೈ ಹಿಂದಕ್ಕೆಳೆದುಕೊಂಡಳು.

'ಇದೇನು, ಚರ್ಮಾನಾ? ಯಾವ ಪ್ರಾಣೀದು?'

'ಆಡಿಂದು ತಾಯಿ' ಅಂದ ನಮ್ಮ ಹಿರಿಯ.

ಯಾವ ಪ್ರಾಣೀದು ಅನ್ನೋ ಪ್ರಶ್ನೆಗೆ ಈಗಿನ ಕಾಲದಲ್ಲಿ ಹುಷಾರಾಗಿ ಉತ್ತರ ಹೇಳಬೇಕು, ನಿಮಗೇ ಗೊತ್ತು. ಪಕ್ಕದ ಸಾಲಿನಲ್ಲಿ ಒಬ್ಬರು ಮೃದಂಗ ಹಿಡಿದು ನಿಂತಿದ್ದರು. ಅದಕ್ಕೆ ಆಡು, ಎಮ್ಮೆ, ಹಸು ಮೂರರ ಚರ್ಮವೂ ಬೇಕು. ಅದನ್ನು ಹದ ಮಾಡಿ ಬಿಗಿಯುವ ದಲಿತ ಕುಶಲಕರ್ಮಿಗಳ ಬಗ್ಗೆ ಟಿ.ಎಂ. ಕೃಷ್ಣ 2020ರಲ್ಲಿ ಪುಸ್ತಕವನ್ನೇ ಬರೆದಿದ್ದಾರೆ. ಆದರೆ ಯಾವ ಪ್ರಾಣೀದು ಸ್ವಾಮಿ ಅಂತ ಅವರನ್ನು ಯಾರೂ ಕೇಳಲಿಲ್ಲ. 'ಕಚೇರಿ ಎಲ್ಲಿ ಸಾರ್?' ಅಂತ ಕೇಳಿದರು.

ತಮಟೆಗಳು ವಿಮಾನದ ಹೊಟ್ಟೆ ಸೇರಿದವು. ಬೆಂಕಿಪೊಟ್ಟಣ ತಪಾಸಣೆಯವರ ಡಬ್ಬಿ ಸೇರಿತು.

ದೆಹಲಿಯಲ್ಲಿ ಮಂಜು. ಥಂಡಿ ಕುಡಿದ ತೊಗಲು ಸಡಿಲವಾಗಿ, ಬಡಿದರೆ ಒದ್ದೆ ಗೋಣಿ ಬಡಿದ ಹಾಗೆ. ಕಾಯಿಸದೆ ತಮಟೆ ನುಡಿಯೋದಿಲ್ಲ. ಸಭಾಂಗಣದಲ್ಲಿ ಬೆಂಕಿ ಹಚ್ಚುವ ಹಾಗಿಲ್ಲ ಅಂದರು. ಕೊನೆಗೆ ಹಿಂದಿನ ಬೀದಿಯ ಚಹಾದಂಗಡಿಯವನ ಒಲೆ ಮುಂದೆ ಎಂಟೂ ಜನ ಕುಕ್ಕರುಗಾಲಲ್ಲಿ ಕೂತೆವು. ಅವನು ಕಾಸು ಕೇಳಲಿಲ್ಲ. ಒಂದು ಗತ್ತು ಬಡೀರಿ ಅಂದ. ಬಡಿದೆವು. ಸಭಾಂಗಣದಲ್ಲಿ ಬಡಿದದ್ದಕ್ಕಿಂತ ಚೆನ್ನಾಗಿ ಬಡಿದೆವು ಅಂತಲೇ ನಮ್ಮ ಲೆಕ್ಕ.

ಅಲ್ಲೇ ಜಗಳವೂ ಆಯಿತು. 'ಫೈಬರ್ ಹಾಕ್ಸಿಬಿಡಾಣ, ಬೆಂಕಿನೂ ಬೇಡ, ಪ್ರಶ್ನೆನೂ ಬೇಡ' ಅಂದರು ಹುಡುಗರು. ಅದರಲ್ಲಿ ಸುಳ್ಳೇನಿಲ್ಲ. ಸಾವಿಗೆ, ಜಾತ್ರೆಗೆ ಬಿಟ್ಟಿ ತಮಟೆ ಬಡಿಯೋದಿಲ್ಲ ಅಂತ 80ರ ದಶಕದಲ್ಲಿ ಕೋಲು ಕೆಳಗಿಟ್ಟವರು ನಮ್ಮವರೇ. ಅದೇ ತಮಟೆಗೆ 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರ ಕೈಯಿಂದ ಪದ್ಮಶ್ರೀ ಬಂತು. 'ಬಿಟ್ಟಿ ಬಿಡ್ರಿ ಅಂದಿದ್ದು ಕಣ್ರಲಾ, ತೊಗಲು ಬಿಡ್ರಿ ಅಂದಿದ್ದಲ್ಲ' ಅಂದ ಹಿರಿಯ. ಹುಡುಗರು ಒಪ್ಪಲಿಲ್ಲ. ಮುಂದಿನ ಸಲ ನಾಲ್ಕು ಅದು, ನಾಲ್ಕು ಇದು ಅಂತ ಸದ್ಯಕ್ಕೆ ರಾಜಿಯಾಗಿದೆ.

ವಾಪಸು ಬಂದು ಇಳಿದಾಗ ಒಂದು ತಮಟೆಯ ಮರದ ಬಳೆ ಸೀಳಿಹೋಗಿತ್ತು. ದೂರಿನ ಫಾರಂ ಕೊಟ್ಟರು. ಬೆಲೆಯ ಕಲಮಿನಲ್ಲಿ ಏನು ಬರೆಯಬೇಕೋ ತಿಳಿಯದೆ ಖಾಲಿ ಬಿಟ್ಟೆವು. ಅದರ ಮೇಲಿನ ಸಾಲಿನಲ್ಲಿ ಅವರು 'ಚರ್ಮದ ಸಾಮಾನು' ಅಂತ ಬರೆದಿದ್ದರು. ಹಿರಿಯ ಪೆನ್ನು ಇಸಕೊಂಡು ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ನಿಧಾನವಾಗಿ ಎರಡಕ್ಷರ ಬರೆದ: ವಾದ್ಯ.